ಸತ್ಯಾಂಶ: ಪಿಟ್ಟಿ ದ್ವೀಪದ ಹಕ್ಕಿಗಳಿಗೆ ಸಿಹಿನೀರು ಬೇಕೇ?

ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಬೇಸಿಗೆ ಬಂತೆಂದರೆ ಒಂದು ಸಂದೇಶ ಸುತ್ತುತ್ತದೆ: ‘ಲಕ್ಷದ್ವೀಪದ ಪಿಟ್ಟಿಯಲ್ಲಿ ಹನಿ ಸಿಹಿನೀರಿಲ್ಲ, ಮರಿಹಕ್ಕಿಗಳು ಬಾಯಾರಿ ಸಾಯುತ್ತಿವೆ, ದೋಣಿಯಲ್ಲಿ ನೀರು ಕಳಿಸೋಣ.’ ಕಾವೇರಿ ಹುಟ್ಟುವ ನಾಡಿನವರ ಮನಸ್ಸು ಕರಗುವುದು ಸಹಜವೇ.

ಸಂದೇಶದ ಮೊದಲ ಮಾತು ನಿಜ. ಲಕ್ಷದ್ವೀಪದ ರಾಜಧಾನಿ ಕವರತ್ತಿಯಿಂದ ಸುಮಾರು 24 ಕಿ.ಮೀ. ದೂರದ ಪಿಟ್ಟಿ, ಮರವಿಲ್ಲದ, ಜನವಿಲ್ಲದ ಮರಳದಿಬ್ಬ. ಅಳತೆ ಹೆಚ್ಚೆಂದರೆ ಮೂರು ಎಕರೆ. ನಮ್ಮಲ್ಲಿ ಸಣ್ಣ ಕಾಫಿ ತೋಟವೂ ಇದಕ್ಕಿಂತ ದೊಡ್ಡದಿರುತ್ತದೆ. ಅಲ್ಲಿ ರೀವ (ಟರ್ನ್), ನಾಡ್ಡಿ (noddy) ಜಾತಿಯ ಕಡಲಹಕ್ಕಿಗಳು ಬರಿಯ ನೆಲದಲ್ಲೇ ಮೊಟ್ಟೆಯಿಡುತ್ತವೆ.

ಬಾಯಾರಿಕೆಯ ಕಥೆ ಮಾತ್ರ ಸುಳ್ಳು. ಕಡಲಹಕ್ಕಿಗಳ ಕಣ್ಣಿನ ಮೇಲ್ಭಾಗದಲ್ಲಿ ಉಪ್ಪಿನ ಗ್ರಂಥಿಗಳಿವೆ. ಸಮುದ್ರದ ನೀರಿನಲ್ಲಿ ಉಪ್ಪು ಸುಮಾರು ಶೇ. 3.5. ಹಕ್ಕಿಯ ಮೂತ್ರಪಿಂಡ ಒಂದೇ ಅಷ್ಟನ್ನು ಹೊರಹಾಕಲಾರದು. ಗ್ರಂಥಿಗಳು ರಕ್ತದಿಂದ ಉಪ್ಪನ್ನು ಹಿಂಡಿ, ಕಡಲಿಗಿಂತಲೂ ಉಪ್ಪಾದ ದ್ರವ ಮಾಡಿ ಮೂಗಿನ ಹೊಳ್ಳೆಗಳಿಂದ ಬಿಡುತ್ತವೆ. ಅದು ಕೊಕ್ಕಿನ ತುದಿಯಲ್ಲಿ ತೊಟ್ಟಿಕ್ಕುತ್ತದೆ, ಹಕ್ಕಿ ತಲೆ ಕೊಡವುತ್ತದೆ. ನೆಗಡಿಯೇನೂ ಅಲ್ಲ! 1957ರಲ್ಲಿ ಪ್ರಾಣಿಗಳ ದೇಹಕ್ರಿಯೆಯ ವಿಜ್ಞಾನಿ ಕ್ನೂಟ್ ಶ್ಮಿಟ್-ನೀಲ್ಸನ್ ಗ್ರಂಥಿಗಳ ಈ ಕೆಲಸವನ್ನು ಗುರುತಿಸಿದರು. ಮರಿಗಳಿಗೆ ನೀರು ಸಿಗುವುದು ತಂದೆತಾಯಿ ತರುವ ಮೀನಿನಿಂದಲೇ.

ನೀರು ಕೊಡಲು ಹೋದ ದೋಣಿಯೇ ಅಪಾಯ. ಜನರನ್ನು ಕಂಡು ಹಕ್ಕಿ ಎದ್ದರೆ, ಅದರ ಮೈನೆರಳಲ್ಲಿದ್ದ ಮೊಟ್ಟೆ ಸುಡುಬಿಸಿಲಿಗೆ ಬೀಳುತ್ತದೆ. ಅಂಗಳದ ಮಣ್ಣಿನ ತಟ್ಟೆಯಲ್ಲಿ ಪಿಕಳಾರಕ್ಕೆ ನೀರಿಡಿ, ಅದು ಬೇರೆ ವಿಷಯ.