ಬೆರಳಿಗೆ ನೆನಪಿದೆ, ತುಟಿಗಿಲ್ಲ

ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಕ್ಲಾರಿನೆಟ್ಟನ್ನು ಮತ್ತೆ ಕೈಗೆತ್ತಿಕೊಂಡವರಿಗೆ ಮೊದಲು ಸಿಗುವುದು ಒಂದು ಹುಸಿ ಸಮಾಧಾನ. ಬೆರಳುಗಳು ಏನನ್ನೂ ಮರೆತಿರುವುದಿಲ್ಲ. ಯಾವ ತೂತು ಮುಚ್ಚಬೇಕು, ಯಾವ ಕೀಲಿ ಒತ್ತಬೇಕು ಎಂದು ತಲೆ ಯೋಚಿಸುವುದರೊಳಗೆ ಅವು ಅಲ್ಲಿಗೆ ಹೋಗಿ ಕುಳಿತಿರುತ್ತವೆ. ಆಹಾ ಎಂದುಕೊಂಡು ಊದಿದರೆ ಬರಿಯ ಬುಸ್ಸೆಂಬ ಗಾಳಿ, ಅದರ ಬೆನ್ನಿಗೇ ಒಂದು ಕೀರಲು.

ತಪ್ಪು ತುಟಿಗಳದು. ಬಾಯಿಯ ಸುತ್ತಲಿನ ಸ್ನಾಯುಗಳು ಅಭ್ಯಾಸ ತಪ್ಪಿದರೆ ಬೇಗ ಸೋಲುತ್ತವೆ. ಸ್ವಲ್ಪ ಹೊತ್ತಿಗೇ ತುಟಿಯಂಚಿನಿಂದ ಗಾಳಿ ಸೋರತೊಡಗುತ್ತದೆ. ಬಿಗಿಯಾಗಲಿ ಎಂದು ಕಚ್ಚಿ ಹಿಡಿದರೆ ರೀಡ್, ಅಂದರೆ ಬಾಯಿಗಿಡುವ ತುದಿಯಲ್ಲಿ ಕಂಪಿಸಿ ನಾದ ಹುಟ್ಟಿಸುವ ತೆಳು ಪಟ್ಟಿ, ಕಂಪಿಸುವುದನ್ನೇ ನಿಲ್ಲಿಸುತ್ತದೆ. ಹಿಂದೆ ಮೂರನೆಯ ನಂಬರಿನ ರೀಡ್ ಬಳಸುತ್ತಿದ್ದವರೂ ಈಗ ಮೆತ್ತನೆಯ ಎರಡಕ್ಕೆ ಇಳಿಯುವುದು ಒಳ್ಳೆಯದು. ಅಹಂಕಾರಕ್ಕೆ ಹೊರತು ಬೇರಾವುದಕ್ಕೂ ಇದರಿಂದ ನಷ್ಟವಿಲ್ಲ. ವಾದ್ಯವೂ ನಮ್ಮಷ್ಟೇ ಒಣಗಿರುತ್ತದೆ. ಕೀಲುಗಳಿಗೆ ಸುತ್ತಿದ ಕಾರ್ಕ್ ಸುಕ್ಕಾಗಿ, ಕೀಲಿಗಳಡಿ ತೂತು ಮುಚ್ಚುವ ಪ್ಯಾಡ್‌ಗಳು ಗಟ್ಟಿಯಾಗಿರುತ್ತವೆ. ಮರದ ಕ್ಲಾರಿನೆಟ್ಟಾದರೆ ಬೆಚ್ಚನೆಯ ಒದ್ದೆ ಉಸಿರನ್ನು ಒಮ್ಮೆಲೇ ಗಂಟೆಗಟ್ಟಲೆ ತುಂಬಿದಾಗ ಬಿರುಕು ಬಿಡಬಹುದು. ದಿನಕ್ಕೆ ಸ್ವಲ್ಪವೇ ಸಾಕು ಎಂಬ ಪಥ್ಯ ಹೀಗೆ ಇಬ್ಬರಿಗೂ ಒಗ್ಗುತ್ತದೆ.

ಇನ್ನು ಕೆಳಗಿನ ಸ್ವರಗಳಿಂದ ಮೇಲಿನವಕ್ಕೆ ಹೋಗುವ ಆ ಕುಖ್ಯಾತ ದಾಟು. ಕ್ಲಾರಿನೆಟ್ ಒಂದು ತುದಿ ಮುಚ್ಚಿದ ನೇರ ಕೊಳವೆಯಂತೆ ವರ್ತಿಸುವುದರಿಂದ, ಷಡ್ಜ ಊದುತ್ತ ಸ್ವರವನ್ನು ಮೇಲಕ್ಕೆ ಹಾರಿಸುವ ಹಿಂಬದಿಯ ರಿಜಿಸ್ಟರ್ ಕೀಲಿ ಒತ್ತಿದರೆ ಸ್ವರ ಕೊಳಲಿನಂತೆ ಮೇಲಿನ ಷಡ್ಜಕ್ಕೆ ಹೋಗುವುದಿಲ್ಲ. ಅದನ್ನೂ ದಾಟಿ ಅದರಾಚೆಯ ಪಂಚಮಕ್ಕೆ ಜಿಗಿಯುತ್ತದೆ. ನಡುವಿನ ಗಡಿಯಲ್ಲಿ ಹೆಚ್ಚುಕಡಿಮೆ ಬಿಡುವಾಗಿದ್ದ ಬೆರಳುಗಳೆಲ್ಲ ಮುಂದಿನ ಸ್ವರಕ್ಕೆ ಏಕಕಾಲಕ್ಕೆ ಇಳಿಯಬೇಕು. ಒಂದು ತೂತು ಕೂದಲೆಳೆಯಷ್ಟು ತೆರೆದಿದ್ದರೂ ಕೆಟ್ಟಿತು. 1700ರ ಸುಮಾರಿಗೆ ಈ ವಾದ್ಯವನ್ನು ರೂಪಿಸಿದನೆನ್ನಲಾದ, ಜರ್ಮನಿಯ ನ್ಯೂರೆಂಬರ್ಗಿನ ವಾದ್ಯ ತಯಾರಕ ಡೆನ್ನರ್‌ನನ್ನು ಈ ಗಡಿಯಲ್ಲಿ ನಿಂತು ಎಷ್ಟು ಜನ ಶಪಿಸಿದ್ದಾರೋ!

ಇವೆಲ್ಲ ಸಹ್ಯ. ಸಹಿಸಲಾಗದ್ದು ನಮ್ಮದೇ ಕಿವಿ. ಮೊದಲ ಸಲ ಕಲಿಯುವಾಗ ಅದೂ ಎಳೆಯದು. ಬಾತುಕೋಳಿಯ ಕೂಗನ್ನೂ ಸಂಗೀತವೆಂದು ಒಪ್ಪುವ ಔದಾರ್ಯ ಅದಕ್ಕಿತ್ತು. ಊದುವುದನ್ನು ಬಿಟ್ಟರೂ ಕೇಳುವುದನ್ನು ನಾವು ಬಿಡಲಿಲ್ಲವಲ್ಲ! ಬಾಯಿ ಹಸುಗೂಸಾಗಿ ಉಳಿದ ಆ ಕಾಲದಲ್ಲೇ ಕಿವಿಯೊಳಗೊಬ್ಬ ವಿಮರ್ಶಕ ಬೆಳೆದು ಮೀಸೆ ತಿರುವುತ್ತಿದ್ದಾನೆ.

ಅವನೊಡನೆ ಸದ್ಯಕ್ಕೆ ಒಂದು ಒಪ್ಪಂದವಾಗಿದೆ. ಕೆಳಸ್ಥಾಯಿಯ ನೀಳ ಸ್ವರಗಳನ್ನಷ್ಟೇ ಅವನ ಮುಂದಿಡುತ್ತೇನೆ. ಕ್ಲಾರಿನೆಟ್ಟಿನ ಆ ಗಾಢವಾದ ದನಿಯನ್ನು ಕೆಡಿಸುವುದು ನನಗೂ ಕಷ್ಟ. ಮೇಲಿನ ಸ್ವರಗಳನ್ನು ಮನೆಯವರೆಲ್ಲ ಹೊರಗೆ ಹೋದ ವೇಳೆಗೆ ಮೀಸಲಿಟ್ಟಿದ್ದೇನೆ. ಈಚೆಗೆ ಅವರು ಪದೇ ಪದೇ ಹೊರಗೆ ಹೋಗುತ್ತಿರುವುದು ಕಾಕತಾಳೀಯವಿರಬಹುದು.