ಮೂರು ಪದರದ ಶೂ

ದಾವಣಗೆರೆಯಂಥ ಬಯಲೂರಿನಲ್ಲಿ ಚಾರಣದ ಶೂ ಯಾಕ್ರೀ ಅಂತ ಹೆಂಡತಿ ಅದನ್ನು ತಂದ ದಿನವೇ ಕೇಳಿದ್ದಳು. ಅವತ್ತು ಉತ್ತರ ಹೊಳೆಯಲಿಲ್ಲ. ಶೂ ಅಟ್ಟ ಸೇರಿತು. ಹೋದ ಕಾರ್ತಿಕದಲ್ಲಿ ಭಾವಮೈದ ಬಂದು ಮೊಳಕಾಲ್ಮೂರಿನ ಬ್ರಹ್ಮಗಿರಿಗೆ ಹೋಗೋಣ ಭಾವ ಅಂದಾಗ ಉತ್ತರ ಸಿಕ್ಕಿತು. ಅಟ್ಟ ಹತ್ತಿ, ಜಿರಲೆ ಸಂಸಾರವೊಂದನ್ನು ಒಕ್ಕಲೆಬ್ಬಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಫಳಫಳ!

"ಇದು ಆಗ್ಲೇ ಒಂದ್ಸಲ ಬಾಯಿ ಬಿಟ್ಟಿತ್ತಲ್ವಾ?" ಅಂದಳು.

"ಅದು ಬೇರೆ ಶೂ" ಅಂದೆ. ನಿಜವಾಗ್ಲೂ ಹಾಗೇ ಅಂದುಕೊಂಡಿದ್ದೆ.

ಭಾವಮೈದನದ್ದು ಪಂಪ್‌ಸೆಟ್ ಅಂಗಡಿ. ಬಾವಿ, ಬೋರು ಬಿಟ್ಟು ನೆಲದೊಳಗೆ ಬೇರೆ ಏನಾದರೂ ಇರಬಹುದು ಅಂತ ಅವನಿಗೆ ನಂಬಿಕೆಯಿಲ್ಲ. ಹಾಗಾಗಿ ಕಾರು ಚಿತ್ರದುರ್ಗ ದಾಟುವಾಗಲೇ ಪಾಠ ಶುರು ಮಾಡಿದೆ. ಇಲ್ಲೇ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿವೆ ಕಣೋ ಅಂದೆ. ಈಗ ಚಲಾವಣೆ ಇಲ್ವಲ್ಲ ಅಂದ. 1947ರಲ್ಲಿ ಮಾರ್ಟಿಮರ್ ವೀಲರ್ ಅನ್ನೋ ಬ್ರಿಟಿಷ್ ಪುರಾತತ್ವಜ್ಞ ಬ್ರಹ್ಮಗಿರಿಯಲ್ಲಿ ಅಗೆಸಿದ. ಅವನು ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಹೋಗುವವನಲ್ಲ. ಮಣ್ಣನ್ನು ಪದರ ಪದರವಾಗಿ ಬಿಡಿಸಿ ಓದುತ್ತಿದ್ದ. ಕೆಳಗೆ ಕಲ್ಲಿನ ಕೊಡಲಿಯವರು, ಅವರ ಮೇಲೆ ಕಬ್ಬಿಣ ಬಳಸಿ ದೊಡ್ಡ ದೊಡ್ಡ ಕಲ್ಲಿನ ಸಮಾಧಿ ಕಟ್ಟಿದವರು, ಅದರ ಮೇಲೆ ಶಾತವಾಹನರ ಕಾಲದವರು. ಒಟ್ಟು ಮೂರು ಪದರ. ಚಳ್ಳಕೆರೆ ಬರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಹೆಂಡತಿಗೆ ಗಾಢ ನಿದ್ದೆ.

ಮೊಳಕಾಲ್ಮೂರು ತಾಲ್ಲೂಕಿನ ಈ ಬೆಟ್ಟದ ಬುಡಕ್ಕೆ ಜನ ಬರುವುದು ಅಶೋಕನ ಶಾಸನ ನೋಡೋಕೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಬರೆದ ಲಿಪಿಕಾರನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿ ಬರೆದು, ತನ್ನ ಕಸುಬನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದುಕೊಂಡಿದ್ದಾನೆ. ಆ ಲಿಪಿ ಈಗಿನ ಪಾಕಿಸ್ತಾನದ ಕಡೆಯದು. ಈ ಊರಲ್ಲಿ ಅದನ್ನು ಓದೋರು ಯಾರಿದ್ದರೋ! ಸುಮ್ನೆ ಒಂದು ಗತ್ತು ಅಷ್ಟೇ ಅನ್ನಿಸುತ್ತೆ. ನನಗೆ ಅವನು ತುಂಬಾ ಹಿಡಿಸಿದ. ತಂದೆತಾಯಿ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆ ಇರಲಿ, ಸತ್ಯ ಹೇಳಿ, ಬಂಧುಗಳ ಜೊತೆ ಸರಿಯಾಗಿ ನಡೆದುಕೊಳ್ಳಿ ಅಂತ ಶಾಸನದಲ್ಲಿದೆ. ಕೊನೆಯದನ್ನು ಭಾವಮೈದನ ಮುಖ ನೋಡಿಕೊಂಡೇ ಹೇಳಿದೆ.

ಅಲ್ಲಿಂದ ಸಮಾಧಿಗಳ ಕಡೆ ಹೊರಟೆವು. ಮೊಬೈಲ್ ಮ್ಯಾಪು ಶೇಂಗಾ ಕಿತ್ತ ಹೊಲದೊಳಗೆ ನುಗ್ಗಿಸಿತು. ನೆಗ್ಗಿಲು ಮುಳ್ಳು, ಜಾಲಿ ಮುಳ್ಳು, ಎರಡರದ್ದೂ ಸ್ವಾಗತ. ಕೊನೆಗೆ ಬದುವಿನ ಪಕ್ಕ ದುಂಡಗೆ ಜೋಡಿಸಿದ ಕಲ್ಲುಗಳು ಕಂಡವು. ಧ್ವನಿ ತಗ್ಗಿಸಿ, "ಎರಡು ಸಾವಿರ ವರ್ಷಕ್ಕೂ ಹಿಂದಿನದು. ಚಪ್ಪಲಿ ಬಿಡಿ" ಅಂದೆ. ಹೆಂಡತಿ ಬಿಟ್ಟಳು. ಭಾವಮೈದ ಫೋಟೋ ತೆಗೆದ. ಅಷ್ಟರಲ್ಲಿ ಹಿಂದಿನಿಂದ ಕೆಮ್ಮು.

"ಏನ್ ನೋಡ್ತಿದೀರಿ ಸಾ?" ಒಬ್ಬ ಯಜಮಾನರು, ಹೆಗಲ ಮೇಲೆ ಟವೆಲು.

ಹೇಳಿದೆ.

"ಅದು ನಾನು ಹೊಲದಾಗಿಂದ ಆರಿಸಿ ಹಾಕಿರೋ ಕಲ್ಲು. ಮೋರೇರ ಮನೆ ಆ ಕಡೆ ಐತೆ." ನಾನು ಹುಡುಕುತ್ತಿದ್ದ ಸಮಾಧಿಗಳಿಗೆ ಅಲ್ಲಿನವರು ಹೇಳೋ ಹೆಸರು ಅದು.

ಹೆಂಡತಿ ಒಂದೂ ಮಾತಾಡದೆ ಚಪ್ಪಲಿ ಹಾಕಿಕೊಂಡಳು. ಮಾತಾಡಿದ್ದರೇ ಒಳ್ಳೆಯದಿತ್ತು.

ಯಜಮಾನರ ಹಿಂದೆ ಹತ್ತು ಹೆಜ್ಜೆ ಹೋಗಿರಬಹುದು. ಬಲಗಾಲಲ್ಲಿ 'ಪಟ್' ಅಂತ ಶಬ್ದ. ಇನ್ನೊಂದು ಹೆಜ್ಜೆಗೆ 'ಪಟ್ ಪಟ್'. ಬಗ್ಗಿ ನೋಡಿದರೆ ಸೋಲು ಮುಂದಿನಿಂದ ಬಿಟ್ಟುಕೊಂಡು, ಬಾಯಾರಿದ ನಾಯಿ ನಾಲಿಗೆ ಹಾಗೆ ಜೋತಾಡುತ್ತಿದೆ. ಒಳಗಿನ ಸ್ಪಂಜು ಬೂಂದಿಯ ಹಾಗೆ ಪುಡಿಪುಡಿ ಉದುರುತ್ತಿದೆ. ಕಾಲು ಎತ್ತಿದಾಗ ಸೋಲು ಮಡಚಿ ಒಂದು ಹಿಡಿ ಕೆಂಪು ಮಣ್ಣು ತುಂಬಿಕೊಳ್ಳುತ್ತೆ, ಊರಿದಾಗ ಅದನ್ನು ಎಡಗಾಲ ಮೇಲೆ ಉಗುಳುತ್ತೆ. ಹೊಲ ಉಳುವವರಿಗೆ ಬೇಕಿದ್ದರೆ ಬಾಡಿಗೆಗೆ ಕೊಡಬಹುದಿತ್ತು.

ಭಾವಮೈದ ವಿಡಿಯೋ ಮಾಡುತ್ತಿದ್ದ.

"ಬಂಧುಗಳ ಜೊತೆ ಹೇಗಿರಬೇಕು ಅಂತ ಅಶೋಕ ಹೇಳಿದ್ದಾನೆ, ಮರೆತ್ಯಾ?" ಅಂದೆ.

"ಪ್ರಾಣಿಗಳಲ್ಲಿ ದಯೆ ಇರಲಿ ಅಂತಾನೂ ಹೇಳಿದ್ದಾನೆ ಭಾವ. ಅದಕ್ಕೇ ನಗ್ತಾ ಇಲ್ಲ."

ಯಜಮಾನರು ಪಂಪ್‌ಸೆಟ್ ಮನೆಯಿಂದ ಗೊಬ್ಬರದ ಚೀಲದ ಸುತಳಿ ತಂದು ಶೂ ಸುತ್ತ ನಾಲ್ಕು ಸುತ್ತು ಬಿಗಿದರು, ಹೋರಿಗೆ ಮೂಗುದಾರ ಹಾಕುವಷ್ಟು ಭದ್ರವಾಗಿ. ಆಮೇಲೆ ಕುಂಟುತ್ತಾ ಹೋಗಿ ಮೋರೇರ ಮನೆ ನೋಡಿದೆ.

ದುಂಡಗೆ ನಿಂತ ಗುಂಡುಗಳು, ನಡುವೆ ನೆಲದಲ್ಲಿ ಹೂತ ಕಲ್ಲಿನ ಚಪ್ಪಡಿಗಳು. ಒಂದಕ್ಕೊಂದು ಆತು ನಿಲ್ಲುವ ಹಾಗೆ ಕೂರಿಸಿದ್ದಾರೆ. ಸುತಳಿಯೂ ಇಲ್ಲ, ಗೋಂದೂ ಇಲ್ಲ. ಇಂಥ ಗೋರಿಗಳ ಒಂದು ಚಪ್ಪಡಿಯಲ್ಲಿ ದುಂಡು ತೂತು ಕೊರೆದಿರುತ್ತಾರೆ. ಒಳಗೆ ಮೂಳೆ, ಮಡಕೆ, ಮಣಿ, ಕಬ್ಬಿಣದ ಸಾಮಾನು ಇಡುತ್ತಿದ್ದರು. "ಮೋರೇರು ಕುಳ್ಳಗಿದ್ರು ಸಾ, ಬೆಂಕಿ ಮಳೆ ಬಂದು ಎಲ್ಲಾ ಸತ್ತೋದ್ರು" ಅಂದರು ಯಜಮಾನರು. ವೀಲರ್ ಹಾಗೆ ಹೇಳಿಲ್ಲ ಅನ್ನಲು ಬಾಯಿ ತೆರೆದೆ. ಕಾಲಲ್ಲಿದ್ದ ಸುತಳಿ ನೋಡಿಕೊಂಡು ಮುಚ್ಚಿದೆ.

ಮಾರನೇ ದಿನ ಶೂ ಹಿಡಿದುಕೊಂಡು ನಮ್ಮ ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರಲ್ಲಿಗೆ ಹೋದೆ. ಭಾವಮೈದನೂ ಬಂದ, ಬೇಡ ಅಂದರೂ. ಅವರು ಮೊದಲು ಸುತಳಿ ಕತ್ತರಿಸಿದರು. "ಇದು ಹೊಸದು, ನಿನ್ನೆದು." ಸೋಲು ಅಗಲಿಸಿ ಬೆರಳಲ್ಲಿ ಕೆರೆದರು. "ಒಳಗಿರೋ ಈ ಹಳದಿ ಗೋಂದು ಕಂಪನಿದು." ಆಮೇಲೆ ಅಂಚಿನ ಹೊಲಿಗೆಯನ್ನು ಬಿಸಿಲಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

"ನಡುವೆ ಈ ನೀಲಿ ದಾರ ಇದೆಯಲ್ಲ ಸಾರ್, ಇದು ನಂದೇ ಹೊಲಿಗೆ. ಲಾಕ್‌ಡೌನ್‌ಗಿಂತ ಮುಂಚೆ ಈ ದಾರ ಹಾಕ್ತಿದ್ದೆ. ಆಮೇಲೆ ಇದು ಬರಲೇ ಇಲ್ಲ."

ಭಾವಮೈದ ನನ್ನ ಕಡೆ ತಿರುಗಿದ. ನಾನು ರಸ್ತೆಯ ಕಡೆ ತಿರುಗಿದೆ.

"ಇನ್ನೊಂದ್ಸಲ ಹೊಲಿಯೋಕಾಗುತ್ತಾ?"

"ಸೂಜಿ ನಿಲ್ಲೋಕೆ ಜಾಗ ಎಲ್ಲಿದೆ ಸಾರ್? ಹೂತುಬಿಡಿ."

"ಸುತ್ತ ಕಲ್ಲು ಜೋಡಿಸೋಣ್ವಾ ಭಾವ?" ಅಂದ ಭಾವಮೈದ.