‘ಕಂಡಿತು’ ಅಂದರೆ ಸಾಕಾ?

ಹೋದ ಡಿಸೆಂಬರ್‌ನಲ್ಲಿ ಮೈಸೂರಿಗೆ ಬಂದಿದ್ದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ತಾರಸಿ ಮೇಲೆ ನಿಂತಿದ್ದಾಗ ಮಂಡಕಳ್ಳಿ ವಿಮಾನ ನಿಲ್ದಾಣದ ಕಡೆಯಿಂದ ತರಬೇತಿ ವಿಮಾನದ ಸದ್ದು ಕೇಳಿತು. ಬಟ್ಟೆ ಒಣಹಾಕುತ್ತಿದ್ದ ಅಮ್ಮ, “ಅಲ್ಲಿ ನೋಡೋ, ಬೆಟ್ಟದ ಹತ್ರ” ಅಂದರು. ನನಗೆ ಕಾಣಲೇ ಇಲ್ಲ. ಚಾಮುಂಡಿ ಬೆಟ್ಟದ ಹಸಿರಿನ ಮುಂದೆ ಅದು ಎಲ್ಲೋ ಕರಗಿಹೋಗಿತ್ತು. ತಿರುಗುವಾಗ ರೆಕ್ಕೆಗೆ ಬಿಸಿಲು ಬಿದ್ದು ಫಳ್ ಅಂದಾಗಲೇ ಸಿಕ್ಕಿದ್ದು. ಅಮ್ಮ ಬೆರಳು ತೋರಿಸಿದರೂ ಇಷ್ಟು ಹೊತ್ತು ಬೇಕಾಯಿತು.

ನಾನಿರುವುದು ಲಾಸ್ ಏಂಜಲಿಸ್ ಪಕ್ಕದ ಟೊರೆನ್ಸ್‌ನಲ್ಲಿ. ಅಲ್ಲೊಂದು ಸಣ್ಣ ವಿಮಾನಗಳ ನಿಲ್ದಾಣವಿದೆ. ನಮ್ಮ ಬೀದಿಯ ಒಬ್ಬರು ನಿವೃತ್ತರಾದ ಮೇಲೆ ಸೆಸ್ನಾ ಅನ್ನುವ ಪುಟ್ಟ ವಿಮಾನ ಇಟ್ಟುಕೊಂಡಿದ್ದಾರೆ, ನಮ್ಮವರು ಸ್ಕೂಟರ್ ಇಟ್ಟುಕೊಂಡ ಹಾಗೆ. ಹವೆ ಚೆನ್ನಾಗಿದ್ದರೆ ಅವರು ಫ್ಲೈಟ್ ಪ್ಲಾನ್, ಅಂದರೆ ಎಲ್ಲಿಂದ ಎಲ್ಲಿಗೆ ಹಾರುತ್ತೇನೆ ಅಂತ ಮೊದಲೇ ಬರೆದು, ಕೊಡಲೇಬೇಕೆಂದಿಲ್ಲ. ನಮ್ಮಲ್ಲಿ ಪ್ಲಾನ್ ಕೊಡಬೇಕು, ವಾಯುಪಡೆಯ ಕ್ಲಿಯರೆನ್ಸ್ ನಂಬರ್ ಪಡೆಯಬೇಕು ಅಂದಾಗ ಅವರು ಹುಬ್ಬೇರಿಸಿದರು. ನನಗೆ ಒಳಗೊಳಗೇ ಹೆಮ್ಮೆ. ನಮ್ಮದೇ ಭದ್ರ ಅಲ್ವಾ?

ಈಗ ಅಷ್ಟು ಖಾತ್ರಿಯಿಲ್ಲ. ಯಾರು ಹಾರಿದರು ಅಂತ ಕಾಗದ ಹೇಳುತ್ತದೆ. ಈ ಕ್ಷಣ ಅವರು ಎಲ್ಲಿದ್ದಾರೆ ಅಂತ ಹೇಳುವುದಿಲ್ಲ.

ಕಣ್ಣಿನ ಮೇಲಿನ ನಂಬಿಕೆಯೂ ಹಾಗೇ. 1978ರ ಸೆಪ್ಟೆಂಬರ್ 25ರಂದು ಸ್ಯಾನ್ ಡಿಯೇಗೊದಲ್ಲಿ ಪಿಎಸ್‌ಎ ಕಂಪನಿಯ ಬೋಯಿಂಗ್ 727ರ ಪೈಲಟ್‌ಗಳಿಗೆ ಮುಂದಿರುವ ಸೆಸ್ನಾ ಬಗ್ಗೆ ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ತಿಳಿಸಿದ್ದರು. ಅವರು ಕಂಡಿದೆ ಅಂದರು. ಆಮೇಲೆ ಅದು ಕಣ್ತಪ್ಪಿತು. ಕೆಳಗಿನ ಬಣ್ಣಬಣ್ಣದ ಮನೆಗಳ ಮುಂದೆ ಪುಟ್ಟ ವಿಮಾನವನ್ನು ಗುರುತಿಸುವುದು ಕಷ್ಟವಿತ್ತು. ಕಳೆದುಹೋಯಿತು ಅಂತ ಕಂಟ್ರೋಲರ್‌ಗೆ ಸ್ಪಷ್ಟವಾಗಿ ತಿಳಿಸಲಿಲ್ಲ. ಎರಡೂ ಡಿಕ್ಕಿಯಾಗಿ 144 ಜನ ಸತ್ತರು. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನಲ್ಲಿ ಸೇನೆಯ ಹೆಲಿಕಾಪ್ಟರ್‌ನವರೂ ವಿಮಾನ ಕಂಡಿದೆ ಅಂತಲೇ ಹೇಳಿದ್ದರು. ಅಲ್ಲೂ ಡಿಕ್ಕಿಯಾಗಿ 67 ಜನ ಸತ್ತರು. ತಾನಿರುವ ಜಾಗವನ್ನು ಸುತ್ತಲಿನವರಿಗೆ ಸಾರುವ ಎಡಿಎಸ್‌-ಬಿ ಸಂದೇಶ ಆ ಹೆಲಿಕಾಪ್ಟರ್‌ನಿಂದ ಹೊರಡುತ್ತಿರಲಿಲ್ಲ. ಟವರ್‌ನಲ್ಲಿ ಹೆಲಿಕಾಪ್ಟರ್‌ಗಳನ್ನೂ ವಿಮಾನಗಳನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದರು.

ನಮ್ಮ ಬೀದಿಯವರು ತೋರಿಸಿದ ಒಂದು ವಿಷಯ ಮಾತ್ರ ನನಗೆ ಹಿಡಿಸಿತು. ಲಾಸ್ ಏಂಜಲಿಸ್‌ನ ದೊಡ್ಡ ನಿಲ್ದಾಣದ ನೆತ್ತಿಯ ಮೇಲೇ ಸಣ್ಣ ವಿಮಾನಗಳಿಗೆ ದಾರಿಯಿದೆ. ಒಂದು ದಿಕ್ಕಿಗೆ 3,500 ಅಡಿ, ಎದುರು ದಿಕ್ಕಿಗೆ 4,500 ಅಡಿ. ಕಂಟ್ರೋಲರ್ ಜೊತೆ ಮಾತೇ ಬೇಕಿಲ್ಲ. ಪೈಲಟ್‌ಗಳು ಒಂದೇ ರೇಡಿಯೊ ಚಾನೆಲ್‌ನಲ್ಲಿ ತಾವೆಲ್ಲಿದ್ದೇವೆ ಅಂತ ಕೂಗಿ ಹೇಳುತ್ತಾ ಹೋಗುತ್ತಾರೆ. ಆದರೆ ರೇಡಾರ್‌ಗೆ ಉತ್ತರ ಕೊಟ್ಟು ವಿಮಾನದ ಗುರುತು ತೋರಿಸುವ ಟ್ರಾನ್ಸ್‌ಪಾಂಡರ್ ಆನ್ ಆಗಿರಲೇಬೇಕು. ಅದೂ ಸುಮ್ನೆ ಬಂದ ಬುದ್ಧಿಯಲ್ಲ. 1986ರಲ್ಲಿ ಹತ್ತಿರದ ಸೆರಿಟೋಸ್‌ನಲ್ಲಿ ಸಣ್ಣ ಪೈಪರ್ ವಿಮಾನಕ್ಕೆ ದೊಡ್ಡ ಜೆಟ್ ತಗುಲಿ 82 ಜನ ಹೋದ ಮೇಲೆ ನಿಯಮ ಬಿಗಿಯಾಯಿತು. ನಮಗೂ 1996ರಲ್ಲಿ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಜನ ಸತ್ತ ಮೇಲೇ ಡಿಕ್ಕಿ ಎಚ್ಚರಿಕೆಯ ಯಂತ್ರ ಕಡ್ಡಾಯವಾಯಿತು.

ಮಂಡಕಳ್ಳಿಯ ರನ್‌ವೇ ಈಗ 1,740 ಮೀಟರ್. ಬರುವುದು ಹೆಚ್ಚಾಗಿ ಎಟಿಆರ್ ಅನ್ನುವ ಸಣ್ಣ ಫ್ಯಾನಿನ ವಿಮಾನ, ಅದೂ ಬೆರಳೆಣಿಕೆ. ರನ್‌ವೇ ಉದ್ದ ಮಾಡಿ, ಅಡ್ಡ ಬರುವ ನಂಜನಗೂಡು ರಸ್ತೆಗೆ ಒಂದು ದಾರಿ ಮಾಡಿ, ಜೆಟ್‌ಗಳನ್ನು ಇಳಿಸಬೇಕೆಂಬ ಯೋಜನೆಯಿದೆ. ಬರಲಿ, ನನಗೂ ಬೆಂಗಳೂರಿನ ಟ್ಯಾಕ್ಸಿ ಖರ್ಚು ಉಳಿಯುತ್ತದೆ. ಆದರೆ ಭೂಮಿ, ರಸ್ತೆ, ರೈಲು ಹಳಿಯದ್ದೇ ಮಾತು ಜಾಸ್ತಿ. ಅದೇ ರನ್‌ವೇಗೆ ಸುತ್ತು ಹಾಕುವ ಕಲಿಯುವ ಹುಡುಗರ ವಿಮಾನಗಳನ್ನು ಜೆಟ್ ಬರುವ ಹೊತ್ತಿಗೆ ಎಲ್ಲಿ ನಿಲ್ಲಿಸುತ್ತೀರಿ, ಟವರ್‌ನಲ್ಲಿ ಎಷ್ಟು ಜನ ಇರುತ್ತಾರೆ ಅಂತ ಯಾರೂ ಕೇಳುತ್ತಿಲ್ಲ. ಕಾಂಕ್ರೀಟ್ ಸುರಿಯುವ ಮೊದಲೇ ಇದು ಬರಹದಲ್ಲಿ ಇರಬೇಕು.

ಅಮ್ಮನಿಗೆ ಇದೆಲ್ಲ ಹೇಳಿದೆ. ಅವರು ಕೊನೆಯ ಪಂಚೆ ಕೊಡವಿ ಹಗ್ಗಕ್ಕೆ ಹಾಕಿ, “ನಿಂಗೆ ಅಷ್ಟು ದೊಡ್ಡ ಬೆಟ್ಟದ ಮುಂದೇನೇ ಕಾಣ್ಲಿಲ್ಲ” ಅಂದು ಕೆಳಗಿಳಿದು ಹೋದರು.